ಸೂಜಿಗಲ್ಲಿನ ಕಾವಲು



2024ರ ಮೇ 10ರ ರಾತ್ರಿ ಲಡಾಖಿನ ಹಾನ್ಲೆಯಲ್ಲಿ ಆಕಾಶ ಕೆಂಪಾಯಿತು. ಬೆಂಗಳೂರಿನ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯ ವೀಕ್ಷಣಾಲಯ ಅಲ್ಲಿದೆ. ಧ್ರುವಪ್ರದೇಶದ ಬೆಳಕು ಅಷ್ಟು ದಕ್ಷಿಣಕ್ಕೂ ಕಂಡಿತು. ನಮ್ಮ ರಾವೂರಿಗೆ ಅದು ಬರಲಿಲ್ಲ. ನಮ್ಮ ಭಾಗಕ್ಕೆ ಏನೂ ಬರುವುದಿಲ್ಲವೆಂಬ ಕೊರಗು ನಮಗೆ ಹಳೆಯದು. ಈ ಒಂದು ವಿಷಯದಲ್ಲಿ ಮಾತ್ರ ಆ ಕೊರಗು ಸಲ್ಲದೆಂದು ನನ್ನ ಭಾವನೆ.

ಆ ಬೆಳಕಿನ ಮೂಲ ಸೂರ್ಯನಿಂದ ಸಿಡಿದು ಬರುವ, ವಿದ್ಯುದಾವೇಶವುಳ್ಳ ಕಣಗಳು. ಕನ್ನಡದಲ್ಲಿ 'ಕಣ' ಎಂದರೆ ರಾಶಿ ಮಾಡುವ ಸ್ಥಳವೂ ಹೌದು. ಕನ್ನಡ ಕಲಿಸಿ ನಿವೃತ್ತನಾದ ನನಗೆ ಈ ಶ್ಲೇಷೆ ಉಪಕಾರಿಯಾಯಿತು. ಹಂತಿ ಹೊಡೆಯುವಾಗ ಮೇಟಿಗೆ ಕಟ್ಟಿದ ಎತ್ತನ್ನು ನೆನೆಯಿರಿ. ಹಗ್ಗ ಅದರ ನಡಿಗೆಯನ್ನು ಚುರುಕುಗೊಳಿಸದು, ನಿಧಾನಿಸದು. ನಡೆಯುವ ದಿಕ್ಕಿಗೆ ಅಡ್ಡಲಾಗಿ ಸೆಳೆದು ಸುತ್ತಿಸುತ್ತದೆ, ಅಷ್ಟೆ. ಕಾಂತಕ್ಷೇತ್ರವೂ ಕಣದ ವೇಗವನ್ನು ಮುಟ್ಟದೆ ದಿಕ್ಕನ್ನು ಮಾತ್ರ ಬದಲಿಸುತ್ತದೆ. ಪ್ರೋಟಾನು ಒಂದು ಸುತ್ತಿಗಾದರೆ ಎಲೆಕ್ಟ್ರಾನು ಅದಕ್ಕೆ ವಿರುದ್ಧದ ಸುತ್ತಿಗೆ. ಕಾಂತರೇಖೆಯ ಉದ್ದಕ್ಕೆ ಸಾಗಲು ಮಾತ್ರ ತಡೆಯಿಲ್ಲ. ಆದುದರಿಂದ ಕಣವು ಕಂಬಕ್ಕೆ ಹಬ್ಬಿದ ಬಳ್ಳಿಯಂತೆ ಸುತ್ತುತ್ತ ಮುಂದುವರಿಯುತ್ತದೆ.

ಭೂಮಿಯೇ ಒಂದು ದೊಡ್ಡ ಸೂಜಿಗಲ್ಲು. ಧ್ರುವಗಳ ಬಳಿ ಅದರ ರೇಖೆಗಳು ನೆಲಕ್ಕೆ ನೆಟ್ಟಗೆ ಇಳಿಯುತ್ತವೆ. ಅವುಗಳ ಗುಂಟ ಜಾರಿದ ಕಣಗಳು ಗಾಳಿಯ ಆಮ್ಲಜನಕಕ್ಕೆ ಬಡಿದಾಗ ಹಸಿರು, ಕೆಂಪು ಬೆಳಕು ಮೂಡುತ್ತದೆ. ರಾವೂರಿನಲ್ಲಿ ಕಾಂತಸೂಜಿಯನ್ನು ನಡುವೆ ದಾರ ಕಟ್ಟಿ ತೂಗುಬಿಟ್ಟರೆ ಅದರ ಉತ್ತರದ ತುದಿ ತುಸುವೇ ಬಾಗುತ್ತದೆ: ಇಲ್ಲಿ ರೇಖೆಗಳು ಹೆಚ್ಚುಕಡಿಮೆ ಅಡ್ಡಲಾಗಿವೆ. ಮೇಲಿನಿಂದ ಬರುವ ಕಣ ಅವನ್ನು ದಾಟಲಾರದೆ ಹೊರಳಿಹೋಗುತ್ತದೆ. ದಕ್ಷಿಣದ ಊಟಿಯಲ್ಲಿ ನೆಟ್ಟಗೆ ಇಳಿಯಲು ಪ್ರೋಟಾನಿಗೆ ಸುಮಾರು 1,700 ಕೋಟಿ ಎಲೆಕ್ಟ್ರಾನ್ ವೋಲ್ಟಿನಷ್ಟು ಶಕ್ತಿ ಬೇಕು.

ಈ ಕಾವಲೂ ಅಭೇದ್ಯವಲ್ಲ. 2015ರ ಜೂನ್ 22ರಂದು ಅದು ಸುಮಾರು ಎರಡು ತಾಸು ಸಡಿಲಗೊಂಡುದನ್ನು ಊಟಿಯ ಗ್ರೇಪ್ಸ್-3 ಪ್ರಯೋಗಾಲಯ ಗುರುತಿಸಿತು. 1989ರ ಮಾರ್ಚ್ 13ರಂದು ಸೌರಕ್ಷೋಭೆಯೊಂದು ಭೂಮಿಯ ಕಾಂತಕ್ಷೇತ್ರವನ್ನು ಅಲುಗಿಸಿದಾಗ ಕೆನಡಾದ ಕ್ವಿಬೆಕ್ ಪ್ರಾಂತವು ಸುಮಾರು 9 ತಾಸು ಕತ್ತಲಲ್ಲಿತ್ತು. 2023ರ ಸೆಪ್ಟೆಂಬರ್ 2ರಂದು ಹಾರಿದ ಆದಿತ್ಯ-ಎಲ್1 ನೌಕೆ 15 ಲಕ್ಷ ಕಿಲೋಮೀಟರ್ ದೂರದಲ್ಲಿ ನಿಂತು, ಬೆಂಗಳೂರಿನಲ್ಲಿ ರೂಪುಗೊಂಡ ಕಾಂತಮಾಪಕದಿಂದ ಸೂರ್ಯನ ಕಡೆಯ ಇಂಥ ಸುದ್ದಿಯನ್ನೇ ಅಳೆಯಹೊರಟಿತು.

ನಮ್ಮ ಮಕ್ಕಳು ಹಾನ್ಲೆಯ ಕೆಂಪನ್ನು ನೋಡಲು ಆಸೆಪಡಲಿ, ಹೋಗಿ ನೋಡಿಯೂ ಬರಲಿ. ಆದರೆ ರಾವೂರಿನ ಕಪ್ಪು ಆಕಾಶ ಬರಿದಾದುದಲ್ಲ, ಕಾವಲಿರುವುದು ಎಂಬುದನ್ನು ಅವರಿಗೆ ಹೇಳಿಕೊಡುವುದು ನಮ್ಮ ಕೆಲಸ.