ಬಾನುಲಿ ಪಾಠದಿಂದ ಪಾಡ್‌ಕಾಸ್ಟ್‌ವರೆಗೆ



ದೆಹಲಿಯ ಹೌಜ್ ಖಾಸ್‌ಗೆ ಹೊಂದಿಕೊಂಡಿರುವ ಶ್ರೀ ಅರವಿಂದೋ ಮಾರ್ಗದಲ್ಲಿ ರಾಷ್ಟ್ರೀಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಮಂಡಳಿಯ ಆವರಣವಿದೆ. ಶಾಲೆಗಳಿಗಾಗಿ ಧ್ವನಿ ಹಾಗೂ ದೃಶ್ಯ ಪಾಠಗಳನ್ನು ತಯಾರಿಸುವ ಕೇಂದ್ರೀಯ ಶೈಕ್ಷಣಿಕ ತಂತ್ರಜ್ಞಾನ ಸಂಸ್ಥೆಯು 1984ರಲ್ಲಿ ಈ ಮಂಡಳಿಯ ಅಂಗವಾಗಿ ರೂಪುಗೊಂಡಿತು.

ಕೇಳಿ ಕಲಿಯುವುದು ಕನ್ನಡ ಶಾಲೆಗಳಿಗೆ ಹೊಸತಲ್ಲ. ಆಕಾಶವಾಣಿಯ ಮೂಲಕ ಬಂದ ‘ಕೇಳಿ ಕಲಿ’ ಪಾಠಗಳು ಅನೇಕರ ನೆನಪಿನಲ್ಲಿವೆ. ಆದರೆ ಬಾನುಲಿಯು ಯಾರಿಗೂ ಕಾಯುವುದಿಲ್ಲ. ಪ್ರಸಾರದ ವೇಳೆಗೆ ಮಕ್ಕಳು ಪರೀಕ್ಷೆ ಬರೆಯುತ್ತಿದ್ದರೆ ಆ ದಿನದ ಪಾಠ ಕೈತಪ್ಪಿದಂತೆಯೇ. ಬೇಕಾದಾಗ ಕೇಳಬಹುದಾದ ಪಾಡ್‌ಕಾಸ್ಟ್ ಈ ತೊಡಕನ್ನು ನಿವಾರಿಸಿದೆ. ಶಾಲೆಗಳು ಮುಚ್ಚಿದ್ದ 2020ರ ಮೇ ತಿಂಗಳಲ್ಲಿ ಘೋಷಿಸಲಾದ ಪಿಎಂ ಇ-ವಿದ್ಯಾ ಯೋಜನೆಯಲ್ಲಿ ಬಾನುಲಿಯೊಡನೆ ‘ಶಿಕ್ಷಾ ವಾಣಿ’ ಎಂಬ ಪಾಡ್‌ಕಾಸ್ಟ್‌ಗೂ ಸ್ಥಾನ ದೊರೆಯಿತು.

ಸಾಧನ ಬಂದ ಮಾತ್ರಕ್ಕೆ ಪಾಠವಾಗದು. ಧ್ವನಿಮುದ್ರಿಕೆಯನ್ನು ಹಚ್ಚಿಟ್ಟು ಶಿಕ್ಷಕರು ಹಾಜರಿ ಪುಸ್ತಕ ತುಂಬತೊಡಗಿದರೆ ಮಕ್ಕಳ ಗಮನ ಕಿಟಕಿಯಾಚೆ ಹೋಗುವುದು ಸಹಜ. ಹಿಂದಿನ ದಿನವೇ ಅದನ್ನು ಕೇಳಿ, ಎಲ್ಲಿ ನಿಲ್ಲಿಸಬೇಕು, ಅಲ್ಲಿ ಯಾವ ಪ್ರಶ್ನೆ ಹಾಕಬೇಕು ಎಂಬುದನ್ನು ಗುರುತಿಸಿಕೊಳ್ಳತಕ್ಕದ್ದು. ಒಂದು ಅವಧಿಗೆ ನಾಲ್ಕೈದು ನಿಮಿಷದ ಭಾಗ ಧಾರಾಳವಾಯಿತು.

ಶಿಕ್ಷಕರ ಸ್ವಂತ ಕಲಿಕೆಗೆ ಇದು ಇನ್ನೂ ಹೆಚ್ಚು ಒದಗಿಬರುತ್ತದೆ. ಕ್ಲಸ್ಟರ್ ಸಭೆಯಲ್ಲಿ ಒಂದು ಧ್ವನಿಮುದ್ರಿಕೆಯನ್ನು ಕೂಡಿ ಕೇಳಿ, ಭಿನ್ನರಾಶಿಯನ್ನು ಯಾರು ಹೇಗೆ ಕಲಿಸಿದರೆಂದು ಚರ್ಚಿಸಬಹುದು. ತಮ್ಮದೇ ಪಾಠವನ್ನು ಮುದ್ರಿಸಿಕೊಂಡು ಆಲಿಸಿದವರಿಗೆ, ಪ್ರಶ್ನೆ ಕೇಳಿದ ಮೇಲೆ ಮಗುವಿಗೆ ಯೋಚಿಸಲು ಎಷ್ಟು ಕ್ಷಣ ದೊರೆಯಿತೆಂಬುದು ಸ್ಪಷ್ಟವಾಗಿ ತಿಳಿಯುತ್ತದೆ. ಕಿವಿ ಕೇಳದ ಮಕ್ಕಳಿರುವ ತರಗತಿಯಲ್ಲಿ ಮಾತ್ರ ಧ್ವನಿಪಾಠದ ಬರಹರೂಪವನ್ನು ಮೊದಲೇ ಸಿದ್ಧಪಡಿಸಿ ಅವರ ಕೈಗೆ ಕೊಡುವುದು ಅವಶ್ಯ.