ಅಲೆಯ ಅಡಿಯಲ್ಲಿ ಬಂಡೆ



ನವಲಗುಂದ ಸೀಮೆಯ ಶಲವಡಿಯಿಂದ ಕಡಲು ಬಹಳ ದೂರ. ಅಂಕೋಲೆಯ ಕಡೆಗೆ ಹೊರಟರೆ ನೂರೈವತ್ತು ಕಿಲೋಮೀಟರಿಗೂ ಹೆಚ್ಚಿನ ದಾರಿ, ನಡುವೆ ಸಹ್ಯಾದ್ರಿಯ ಘಟ್ಟ. ಈ ಸೀಮೆಯ ಮಳೆನೀರು ಕೂಡ ಆ ಕಡಲಿಗೆ ಹೋಗುವುದಿಲ್ಲ. ಅದು ಬೆಣ್ಣಿಹಳ್ಳ ಸೇರುತ್ತದೆ. ಬೆಣ್ಣಿಹಳ್ಳ ಮಲಪ್ರಭೆಯನ್ನೂ ಮಲಪ್ರಭೆ ಕೃಷ್ಣೆಯನ್ನೂ ಕೂಡಿ, ನಾಡನ್ನೆಲ್ಲ ದಾಟಿ ಬಂಗಾಳ ಕೊಲ್ಲಿಗೆ ಇಳಿಯುತ್ತದೆ. ಇಂಥ ಎರೆಮಣ್ಣಿನ ಊರಿನ ಹುಡುಗ ಹುಡುಗಿಯರಿಗೆ ಸರ್ಫಿಂಗ್, ಅಂದರೆ ಹಲಗೆಯ ಮೇಲೆ ನಿಂತು ಕಡಲಿನ ಅಲೆಯನ್ನು ಸವಾರಿ ಮಾಡುವ ಆಟದ ಮಾತು ಏಕೆ ಎಂದು ನೀವು ಕೇಳಬಹುದು.

ಕಾರಣ ಎರಡು. ಮೊದಲನೆಯದು, ಈ ಆಟದೊಳಗೆ ನಿಮ್ಮ ಭೌತಶಾಸ್ತ್ರದ ಪುಸ್ತಕದ ಒಂದು ಇಡೀ ಅಧ್ಯಾಯ ಅಡಗಿದೆ. ಎರಡನೆಯದು ಅದಕ್ಕಿಂತ ಮುಖ್ಯವಾದದ್ದು. ಪ್ರತಿ ವರ್ಷ ಡಿಸೆಂಬರ್ ಬಂತೆಂದರೆ ಒಳನಾಡಿನ ಶಾಲೆಗಳ ಪ್ರವಾಸದ ಬಸ್ಸುಗಳು ಕಡಲ ತೀರಕ್ಕೆ ಹೊರಡುತ್ತವೆ. 2024ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನಿಂದ ಹಾಗೆ ಪ್ರವಾಸ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರ್ಡೇಶ್ವರದ ಕಡಲಿನಲ್ಲಿ ಮುಳುಗಿ ತೀರಿಕೊಂಡರು. ಅವರೂ ನಿಮ್ಮಂತೆಯೇ ಕಡಲಿಲ್ಲದ ಊರಿನ ಮಕ್ಕಳು. ಆದ್ದರಿಂದ ಅಲೆಯನ್ನು ಚೆನ್ನಾಗಿ ಬಲ್ಲವರು ಅದನ್ನು ಹೇಗೆ ಓದುತ್ತಾರೆ ಎಂಬುದನ್ನು ನಾವು ಇಂದು ತಿಳಿಯೋಣ.

ಅಲೆ ಎಂದರೇನು? ಹಿಂಗಾರಿಯ ಬಿಳಿಜೋಳ ಎದೆಯೆತ್ತರ ಬೆಳೆದು ನಿಂತಾಗ ಗಾಳಿ ಬೀಸಿದರೆ ಹೊಲದ ಈ ತುದಿಯಿಂದ ಆ ತುದಿಯವರೆಗೆ ಒಂದು ಅಲೆ ಓಡುತ್ತದೆ. ಆದರೆ ಒಂದು ದಂಟಾದರೂ ತನ್ನ ಜಾಗ ಬಿಟ್ಟು ಹೋಗುವುದಿಲ್ಲ. ಬಾಗುತ್ತದೆ, ಮತ್ತೆ ನೆಟ್ಟಗಾಗುತ್ತದೆ. ನಡುಗಡಲಿನ ಅಲೆಯೂ ಬಹುಮಟ್ಟಿಗೆ ಹೀಗೆಯೇ. ನೀರು ಇದ್ದಲ್ಲಿಯೇ ಸುತ್ತು ಹಾಕುತ್ತದೆ, ಮುಂದೆ ಸಾಗುವುದು ಶಕ್ತಿ.

ಆ ಶಕ್ತಿ ಬರುವುದು ಗಾಳಿಯಿಂದ. ಭೂಮಧ್ಯರೇಖೆಯ ದಕ್ಷಿಣಕ್ಕೆ, ಅಂಟಾರ್ಕ್ಟಿಕಾದ ಸುತ್ತಲಿನ ಸಾಗರದಲ್ಲಿ ವರ್ಷವಿಡೀ ಬಿರುಗಾಳಿಗಳು ಏಳುತ್ತವೆ. ಅಲ್ಲಿ ಹುಟ್ಟಿದ ಅಲೆಗಳು ಗಾಳಿಯ ಪ್ರದೇಶವನ್ನು ದಾಟಿದ ಮೇಲೂ ನಿಲ್ಲುವುದಿಲ್ಲ. ವಾಲ್ಟರ್ ಮಂಕ್ ಎಂಬ ಸಾಗರ ವಿಜ್ಞಾನಿ ಮತ್ತು ಅವರ ಸಂಗಡಿಗರು 1963ರಲ್ಲಿ ಪೆಸಿಫಿಕ್ ಸಾಗರದಲ್ಲಿ ಇಂಥ ಅಲೆಗಳ ಬೆನ್ನುಹತ್ತಿ ಅಳತೆ ಮಾಡಿದರು. ದಕ್ಷಿಣದ ಬಿರುಗಾಳಿಯಲ್ಲಿ ಹುಟ್ಟಿದ ಅಲೆ ಉತ್ತರದ ಅಲಾಸ್ಕಾದ ದಡದವರೆಗೆ ಬರುವುದನ್ನು ತೋರಿಸಿಕೊಟ್ಟರು.

ಈಗ ಒಂದು ಸಣ್ಣ ಲೆಕ್ಕ. ಒಂದು ಅಲೆಯ ತಲೆ ಹಾದುಹೋದ ಮೇಲೆ ಮುಂದಿನ ಅಲೆಯ ತಲೆ ಬರುವವರೆಗಿನ ಸೆಕೆಂಡುಗಳನ್ನು ಎಣಿಸಿರಿ. ಇದನ್ನು ಅಲೆಯ ಆವರ್ತನ ಕಾಲ ಎನ್ನುತ್ತಾರೆ. ಆಳವಾದ ನೀರಿನಲ್ಲಿ ಆ ಸಂಖ್ಯೆಯನ್ನು 1.56ರಿಂದ ಗುಣಿಸಿದರೆ ಅಲೆಯ ವೇಗ ಸೆಕೆಂಡಿಗೆ ಎಷ್ಟು ಮೀಟರ್ ಎಂಬುದು ಸಿಗುತ್ತದೆ. 16 ಸೆಕೆಂಡಿನ ಅಲೆಯಾದರೆ ಸುಮಾರು 25 ಮೀಟರ್, ಅಂದರೆ ಗಂಟೆಗೆ 90 ಕಿಲೋಮೀಟರ್. ಆದರೆ ಅಲೆಗಳ ಗುಂಪು, ಅಂದರೆ ಶಕ್ತಿ, ಸಾಗುವುದು ಇದರ ಅರ್ಧ ವೇಗದಲ್ಲಿ. ದಕ್ಷಿಣ ಸಾಗರದಿಂದ ನಮ್ಮ ಮೂಲ್ಕಿಯ ತೀರಕ್ಕೆ ಆರು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ. ಭಾಗಿಸಿ ನೋಡಿರಿ, ಸುಮಾರು ಆರು ದಿನಗಳ ಪ್ರಯಾಣ. ಇಲ್ಲಿ ಆಕಾಶ ನಿರ್ಮಲವಾಗಿದ್ದು ಗಾಳಿ ಅಲುಗದಿದ್ದರೂ ದೊಡ್ಡ ಅಲೆ ಬರಬಹುದು ಎಂಬುದು ಇದರಿಂದ ತಿಳಿಯುತ್ತದೆ. ಕೇರಳದ ಮೀನುಗಾರರು ಇದಕ್ಕೆ ‘ಕಳ್ಳಕ್ಕಡಲ್’ ಎಂದು ಹೆಸರಿಟ್ಟಿದ್ದಾರೆ. ಕನ್ನಡಿಗರಿಗೆ ಅರ್ಥ ಹೇಳಬೇಕಾಗಿಲ್ಲ: ಕಳ್ಳನಂತೆ ಸುಳಿವು ಕೊಡದೆ ಬರುವ ಕಡಲು. ಹೈದರಾಬಾದಿನಲ್ಲಿರುವ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರ ಇಂಥ ಅಲೆಗಳ ಮುನ್ಸೂಚನೆಯನ್ನು ಕೊಡುತ್ತದೆ.

ಹೀಗೆ ಬಂದ ಅಲೆ ದಡದ ಬಳಿ ಏಕೆ ಒಡೆಯುತ್ತದೆ? 16 ಸೆಕೆಂಡಿನ ಅಲೆಯ ಉದ್ದ ಆಳದ ನೀರಿನಲ್ಲಿ ಸುಮಾರು 400 ಮೀಟರ್. ನೀರಿನ ಆಳ ಇದರ ಅರ್ಧಕ್ಕೆ ಇಳಿದಾಗ ಅಲೆಗೆ ತಳ ತಾಗಲು ತೊಡಗುತ್ತದೆ. ಅಲ್ಲಿಂದ ಮುಂದೆ ಅಲೆ ನಿಧಾನವಾಗುತ್ತದೆ. ಹಿಂದಿನ ಭಾಗ ಮುಂದಿನ ಭಾಗವನ್ನು ಒತ್ತಿಕೊಂಡು ಬರುವುದರಿಂದ ಉದ್ದ ಕಡಿಮೆಯಾಗಿ ಎತ್ತರ ಹೆಚ್ಚುತ್ತದೆ. ನೀರಿನ ಆಳ ಅಲೆಯ ಎತ್ತರದ ಸುಮಾರು ಒಂದೂಕಾಲು ಪಟ್ಟಿಗೆ ಬಂದಾಗ ಅಲೆಯ ತಲೆ ಮುಗ್ಗರಿಸಿ ಬೀಳುತ್ತದೆ. ಇಷ್ಟನ್ನು ನೆನಪಿಡಿ: ಎರಡು ಮೀಟರಿನ ಅಲೆ ಎಲ್ಲಿ ಒಡೆಯಿತೋ ಅಲ್ಲಿ ನೀರು ಎರಡೂವರೆ ಮೀಟರಿನ ಆಸುಪಾಸು ಮಾತ್ರ ಇದೆ. ತಳ ಕಣ್ಣಿಗೆ ಕಾಣದಿದ್ದರೂ ಅಲೆ ಅದರ ಲೆಕ್ಕವನ್ನು ಮೇಲೆ ಬರೆದು ತೋರಿಸುತ್ತದೆ.

ಬೆಣ್ಣಿಹಳ್ಳ ತುಂಬಿ ಹರಿಯುವಾಗ ಸೇತುವೆಯ ಮೇಲಿನಿಂದ ನೋಡಿದವರು ಇದರ ಇನ್ನೊಂದು ರೂಪವನ್ನು ಕಂಡಿರುತ್ತೀರಿ. ಅಡಿಯಲ್ಲಿ ಕಲ್ಲೋ ಹಳೆಯ ಒಡ್ಡೋ ಇದ್ದಲ್ಲಿ ನೀರು ಉಬ್ಬಿ ನಿಲ್ಲುತ್ತದೆ. ಹಳ್ಳದಲ್ಲಿ ಅಲೆ ನಿಂತಿರುತ್ತದೆ, ನೀರು ಓಡುತ್ತದೆ. ಕಡಲಿನಲ್ಲಿ ನೀರು ನಿಂತಿರುತ್ತದೆ, ಅಲೆ ಓಡುತ್ತದೆ. ಆದರೆ ಎರಡರಲ್ಲಿಯೂ ಮೇಲಿನ ಆಕಾರಕ್ಕೆ ಕಾರಣ ಅಡಿಯ ನೆಲವೇ. (ಪೂರ ಬಂದಾಗ ಹಳ್ಳಕ್ಕೆ ಇಳಿಯುವ ಧೈರ್ಯ ಮಾತ್ರ ಯಾರೂ ಮಾಡಬಾರದು.)

ಇನ್ನು ಆಟದ ಮಾತು. ನಮ್ಮ ರಾಜ್ಯದಲ್ಲಿ ಸರ್ಫಿಂಗ್ ಬೇರೂರಿದ್ದು ದಕ್ಷಿಣ ಕನ್ನಡದ ಮೂಲ್ಕಿಯಲ್ಲಿ. ಅಮೆರಿಕದಿಂದ ಬಂದ ಜ್ಯಾಕ್ ಹೆಬ್ನರ್ ಅವರು 2004ರಲ್ಲಿ ಅಲ್ಲಿ ಮಂತ್ರ ಸರ್ಫ್ ಕ್ಲಬ್ ಆರಂಭಿಸಿದರು. ಶಾಂಭವಿ ಮತ್ತು ನಂದಿನಿ ನದಿಗಳು ಕಡಲು ಸೇರುವ ಸಸಿಹಿತ್ಲುವಿನಲ್ಲಿ 2016ರಲ್ಲಿ ಇಂಡಿಯನ್ ಓಪನ್ ಸ್ಪರ್ಧೆ ನಡೆಯಿತು. 2025ರಲ್ಲಿ ತಮಿಳುನಾಡಿನ ಮಹಾಬಲಿಪುರದಲ್ಲಿ ನಡೆದ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ಕಂಚಿನ ಪದಕ ಗೆದ್ದವರು ರಮೇಶ ಬೂದಿಹಾಳ. ಅವರದು ಕರ್ನಾಟಕ ಮೂಲದ ಕುಟುಂಬ. ಅವರು ಅಲೆಯನ್ನು ಕಲಿತದ್ದು ಕೇರಳದ ಕೋವಳಂ ತೀರದಲ್ಲಿ.

ಮೂಲ್ಕಿ, ಸಸಿಹಿತ್ಲುಗಳಲ್ಲಿ ಅಲೆ ಒಡೆಯುವುದು ಮರಳಿನ ಮೇಲೆ. ನೀರು ಬೆಚ್ಚಗೆ, 27–30 ಡಿಗ್ರಿ ಸೆಲ್ಸಿಯಸ್. ಬಿದ್ದವರಿಗೆ ಮರಳಿನ ಹಾಸಿಗೆ ಇರುತ್ತದೆ. ಕಲಿಯುವವರಿಗೆ ಇದು ಒಳ್ಳೆಯ ಶಾಲೆ. ಆದರೆ ಮರಳು ಒಂದೆಡೆ ನಿಲ್ಲುವುದಿಲ್ಲ. ಪ್ರತಿ ಮಳೆಗಾಲ ದಿಬ್ಬಗಳ ಜಾಗ ಬದಲಿಸುತ್ತದೆ, ಅದರೊಂದಿಗೆ ಅಲೆಯೂ ಬದಲಾಗುತ್ತದೆ.

ಬಂಡೆಯ ಸಂಗತಿ ಬೇರೆ. ಬ್ರಿಟನ್ನಿನ ಉತ್ತರದ ತುದಿಯಲ್ಲಿ, ಸ್ಕಾಟ್ಲೆಂಡಿನ ಥರ್ಸೊ ಎಂಬ ಊರಿನ ಬಳಿ, ನದಿಯ ಬಾಯಿಯ ಪಕ್ಕದಲ್ಲಿ ಒಂದು ಬಂಡೆಯ ಹಾಸು ಇದೆ. ನಮ್ಮ ಮನೆಗಳಿಗೆ ಹಾಸುವ ಶಹಾಬಾದ್ ಕಲ್ಲಿನಂತೆ ಪದರು ಪದರಾಗಿ ಏಳುವ ಚಪ್ಪಟೆ ಕಲ್ಲು ಅದು. ಉತ್ತರ ಅಟ್ಲಾಂಟಿಕ್ ಸಾಗರದ ಬಿರುಗಾಳಿಗಳ ಅಲೆ ಆಳದಿಂದ ಬಂದು ಈ ಹಾಸಿನ ಮೇಲೆ ಏರುತ್ತದೆ. ಮರಳಿನ ಇಳಿಜಾರಿನ ಮೇಲೆ ಅಲೆ ಮೆಲ್ಲಗೆ ನೊರೆಯಾಗುತ್ತದೆ. ಬಂಡೆಯ ಮೇಲೆ ಆಳ ಥಟ್ಟನೆ ಕಡಿಮೆಯಾಗುವುದರಿಂದ ಅಲೆಯ ತಲೆ ಮುಂದಕ್ಕೆ ಚಿಮ್ಮಿ ಒಳಗೆ ಟೊಳ್ಳಾದ ಕೊಳವೆಯಾಗುತ್ತದೆ. ಬಂಡೆ ಅಲುಗದ ಕಾರಣ ಪ್ರತಿಯೊಂದು ಅಲೆಯೂ ಹೆಚ್ಚುಕಡಿಮೆ ಅದೇ ಜಾಗದಲ್ಲಿ, ಅದೇ ರೀತಿಯಲ್ಲಿ ಒಡೆಯುತ್ತದೆ. ಪಳಗಿದ ಸವಾರರು ಸಾವಿರಾರು ಮೈಲಿ ದೂರದಿಂದ ಇಂಥ ಅಲೆಯನ್ನು ಹುಡುಕಿಕೊಂಡು ಹೋಗುವುದು ಇದಕ್ಕಾಗಿಯೇ. 2024ರ ಪ್ಯಾರಿಸ್ ಒಲಿಂಪಿಕ್ಸಿನ ಸರ್ಫಿಂಗ್ ಸ್ಪರ್ಧೆಯನ್ನು ಪ್ಯಾರಿಸಿನಿಂದ ಬಹುದೂರದ ಟಹೀಟಿ ದ್ವೀಪದ ಹವಳದ ದಿಬ್ಬದ ಬಳಿ ನಡೆಸಿದ್ದೂ ಅಂಥ ಅಲೆಗಾಗಿಯೇ.

ಆದರೆ ಯಾವ ಗುಣ ಅಲೆಯನ್ನು ಚೆಂದ ಮಾಡುತ್ತದೆಯೋ ಅದೇ ಗುಣ ಅಪಾಯವನ್ನೂ ತರುತ್ತದೆ. ಒಂದು ಘನ ಮೀಟರ್ ಸಮುದ್ರದ ನೀರಿನ ತೂಕ ಒಂದು ಟನ್ನಿಗಿಂತ ತುಸು ಹೆಚ್ಚು. ಅಂಥ ಎಷ್ಟೋ ಟನ್ ನೀರು ಬಿದ್ದವನನ್ನು ಕಲ್ಲಿನ ಮೇಲೆ ಒತ್ತುತ್ತದೆ. ಥರ್ಸೊದಲ್ಲಿ ಇದರ ಜೊತೆಗೆ ಚಳಿ. ಚಳಿಗಾಲದ ಕೊನೆಗೆ ಅಲ್ಲಿನ ಕಡಲಿನ ಉಷ್ಣತೆ 6–7 ಡಿಗ್ರಿ. ನೀರು ಗಾಳಿಗಿಂತ ಸುಮಾರು 25 ಪಟ್ಟು ಚೆನ್ನಾಗಿ ಶಾಖವನ್ನು ಸಾಗಿಸುತ್ತದೆ. ಅಂಥ ನೀರಿಗೆ ಬಿದ್ದ ಕೂಡಲೆ ಉಸಿರು ತಾನಾಗಿಯೇ ಒಳಕ್ಕೆ ಎಳೆದುಕೊಳ್ಳುತ್ತದೆ. ಆಗ ಬಾಯಿ ನೀರಿನಲ್ಲಿದ್ದರೆ ಎಂಥ ಈಜುಗಾರನೂ ಉಳಿಯುವುದು ಕಷ್ಟ. ಈ ಆಘಾತ ಒಂದೆರಡು ನಿಮಿಷದಲ್ಲಿ ತಗ್ಗಿದರೂ ಮುಂದೆ ಕೈಕಾಲುಗಳ ಬಲ ಕುಂದುತ್ತದೆ. ಇದಕ್ಕಾಗಿ ಅಲ್ಲಿನ ಸವಾರರು ಐದಾರು ಮಿಲಿಮೀಟರ್ ದಪ್ಪದ ನಿಯೋಪ್ರೀನ್ ರಬ್ಬರಿನ ಉಡುಪು, ತಲೆಗವಸು, ಕೈಗವಸು, ಕಾಲಿಗೆ ಬೂಟು ತೊಡುತ್ತಾರೆ. ಈ ಉಡುಪನ್ನು 1950ರ ದಶಕದ ಆರಂಭದಲ್ಲಿ ರೂಪಿಸಿದವರು ಹ್ಯೂ ಬ್ರಾಡ್ನರ್ ಎಂಬ ಭೌತವಿಜ್ಞಾನಿ. ರಬ್ಬರಿನೊಳಗಿನ ಅನಿಲದ ಸಣ್ಣ ಗುಳ್ಳೆಗಳು ಶಾಖ ಹೊರಹೋಗದಂತೆ ತಡೆಯುತ್ತವೆ. ಕಂಬಳಿಯ ನೂಲಿನ ನಡುವೆ ಸಿಕ್ಕಿಕೊಂಡ ಗಾಳಿ ನಿಮ್ಮನ್ನು ಬೆಚ್ಚಗಿಡುವ ತತ್ವವೇ ಇಲ್ಲಿಯೂ ಇದೆ.

ಇಂಥ ಜಾಗ ಅನುಭವಿಗಳಿಗೆ ಮಾತ್ರ ಎನ್ನುತ್ತಾರಲ್ಲ, ಆ ಅನುಭವ ಎಂದರೆ ಏನು? ತೋಳಿನ ಬಲ ಅದರಲ್ಲಿ ಒಂದು ಪಾಲು ಮಾತ್ರ. ಬಲ್ಲವನು ಬಂದ ಕೂಡಲೆ ನೀರಿಗೆ ಹಾರುವುದಿಲ್ಲ. ದಡದಲ್ಲಿ ನಿಂತು ಬಹಳ ಹೊತ್ತು ನೋಡುತ್ತಾನೆ. ದೊಡ್ಡ ಅಲೆಗಳು ಪಾಳಿ ಹಚ್ಚಿ ಬರುತ್ತವೆ, ನಡುವೆ ಕೆಲವು ನಿಮಿಷ ಕಡಲು ಸುಮ್ಮನಿರುತ್ತದೆ. ಆ ಪಾಳಿಯನ್ನು ಎಣಿಸುತ್ತಾನೆ. ಭರತವೋ ಇಳಿತವೋ ಎಂದು ತಿಳಿಯುತ್ತಾನೆ, ಏಕೆಂದರೆ ಇಳಿತದಲ್ಲಿ ಬಂಡೆಯ ಮೇಲಿನ ನೀರು ಇನ್ನೂ ತೆಳುವಾಗುತ್ತದೆ. ಒಬ್ಬನೇ ಇಳಿಯುವುದಿಲ್ಲ. ಹೊರಬರುವ ದಾರಿಯನ್ನು ಗುರುತಿಸದೆ ಒಳಹೋಗುವುದಿಲ್ಲ. ಎಷ್ಟೋ ದಿನ ನೋಡಿ, ಹಲಗೆಯನ್ನು ಹೆಗಲಿಗೇರಿಸಿಕೊಂಡು ಮನೆಗೆ ಹಿಂದಿರುಗುತ್ತಾನೆ. ಈ ಹಿಂದಿರುಗುವ ವಿವೇಕ ಅನುಭವದ ದೊಡ್ಡ ಪಾಲು.

ದೂರದರ್ಶನದಲ್ಲಿ ಕೆಲಸ ಮಾಡುವವನಾಗಿ ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಕ್ಯಾಮೆರಾ ಸವಾರಿಯ ಹತ್ತು ಸೆಕೆಂಡನ್ನು ತೋರಿಸುತ್ತದೆ. ಅದಕ್ಕೆ ಮುಂಚಿನ ಗಂಟೆಗಟ್ಟಲೆ ಕಾಯುವಿಕೆಯನ್ನು ಸಂಕಲನದಲ್ಲಿ ಕತ್ತರಿಸುತ್ತೇವೆ. ದೂರದ ಲೆನ್ಸು ನೂರಾರು ಮೀಟರ್ ಆಚೆಯ ಅಲೆಯನ್ನು ಪಕ್ಕದಲ್ಲೇ ಇದ್ದಂತೆ ತರುತ್ತದೆ. ಅಲೆಯ ಅಡಿಯ ಬಂಡೆಯನ್ನಂತೂ ಪರದೆ ತೋರಿಸುವುದೇ ಇಲ್ಲ. ಪರದೆಯ ಮೇಲೆ ಕಂಡದ್ದು ಸುಲಭವಾಗಿ ತೋರಿದರೆ, ಕತ್ತರಿಸಿದ್ದು ಏನಿರಬಹುದು ಎಂದು ಕೇಳಿಕೊಳ್ಳಿರಿ.

ಈಗ ನಿಮ್ಮ ಪ್ರವಾಸದ ಬಸ್ಸಿಗೆ ಬರೋಣ. ನೀವು ಮುರ್ಡೇಶ್ವರಕ್ಕೋ ಗೋಕರ್ಣಕ್ಕೋ ಹೋಗಿ ದಡದಲ್ಲಿ ನಿಂತಿದ್ದೀರಿ. ಎರಡೂ ಕಡೆ ಅಲೆ ಒಡೆದು ಬಿಳಿ ನೊರೆ ಏಳುತ್ತಿದೆ. ನಡುವೆ ಒಂದು ಪಟ್ಟಿಯಲ್ಲಿ ಮಾತ್ರ ನೊರೆಯಿಲ್ಲ, ನೀರು ಕಪ್ಪಾಗಿ, ಶಾಂತವಾಗಿ ಕಾಣುತ್ತದೆ. ಹೊಸಬರು ಇಳಿಯಲು ಆರಿಸುವುದು ಆ ಪಟ್ಟಿಯನ್ನೇ. ಆದರೆ ಈಗ ನೀವು ಓದಿದ್ದನ್ನು ಬಳಸಿರಿ. ಅಲೆ ಒಡೆಯುತ್ತಿಲ್ಲ ಎಂದರೆ ಅಲ್ಲಿ ಆಳ ಹೆಚ್ಚು.

ಇನ್ನೊಂದು ಸಂಗತಿ ಇದೆ. ಮಳೆ ಜಡಿದಾಗ ಹೊಲದ ಒಡ್ಡಿನ ಹಿಂದೆ ನೀರು ತುಂಬಿ, ಕೋಡಿಯಲ್ಲಿ ಹೇಗೆ ನುಗ್ಗುತ್ತದೆ ಎಂಬುದನ್ನು ನೀವು ಬಲ್ಲಿರಿ. ಕಡಲಿನಲ್ಲಿ ಒಡೆದ ಅಲೆಗಳು ಮರಳು ದಿಬ್ಬದ ಮೇಲಿಂದ ದಡದತ್ತ ನೀರನ್ನು ತಳ್ಳುತ್ತಲೇ ಇರುತ್ತವೆ. ಆ ನೀರು ಹಿಂದಿರುಗಲೇಬೇಕು. ದಿಬ್ಬದಲ್ಲಿ ಸಂದು ಇದ್ದಲ್ಲಿ ಅದು ಕೋಡಿಯಾಗುತ್ತದೆ, ನೀರು ಅದರ ಮೂಲಕ ಕಡಲಿನ ಕಡೆಗೆ ಓಡುತ್ತದೆ. ಜೋರಾದ ಸೆಳವು ಸೆಕೆಂಡಿಗೆ ಎರಡು ಮೀಟರನ್ನೂ ಮುಟ್ಟಬಹುದು. ಒಲಿಂಪಿಕ್ ಈಜುಗಾರ ಕೂಡ ಅದರ ಎದುರು ಬಹಳ ಹೊತ್ತು ಈಜಲಾರ. ಸರ್ಫಿಂಗ್ ಸವಾರರು ಇದೇ ಸೆಳವನ್ನು ಅಲೆಗಳ ಆಚೆಗೆ ಹೋಗುವ ದಾರಿಯಾಗಿ ಬಳಸುತ್ತಾರೆ. ಅವರಿಗೆ ಅದು ಬಾಗಿಲು, ತಿಳಿಯದವರಿಗೆ ಬಲೆ.

ಆದ್ದರಿಂದ ಕೆಲವು ಮಾತುಗಳನ್ನು ಮನಸ್ಸಿನಲ್ಲಿಡಿ. ಜೀವರಕ್ಷಕರು ಇಲ್ಲದಲ್ಲಿ, ಕೆಂಪು ಬಾವುಟ ಇರುವಲ್ಲಿ ನೀರಿಗೆ ಇಳಿಯಬೇಡಿ. ಇಳಿಯುವ ಮುನ್ನ ಹತ್ತು ನಿಮಿಷವಾದರೂ ನಿಂತು ನೋಡಿರಿ. ಕೆರೆಯಲ್ಲಿ, ಬಾವಿಯಲ್ಲಿ ಈಜು ಬರುತ್ತದೆ ಎಂಬ ಧೈರ್ಯ ಕಡಲಿಗೆ ಸಾಲದು. ಸೆಳವಿಗೆ ಸಿಕ್ಕರೆ ದಡದ ಕಡೆಗೆ ಎದುರು ಈಜಿ ದಣಿಯಬೇಡಿ. ಸೆಳವು ಕಡಲಿನ ಕಡೆಗೆ ಒಯ್ಯುತ್ತದೆಯೇ ಹೊರತು ಅಡಿಗೆ ಎಳೆಯುವುದಿಲ್ಲ. ಮಲಗಿ ತೇಲಿರಿ, ಉಸಿರು ಉಳಿಸಿಕೊಳ್ಳಿರಿ, ಕೈಯೆತ್ತಿ ಕರೆಯಿರಿ. ಶಕ್ತಿಯಿದ್ದರೆ ದಡಕ್ಕೆ ಸಮಾನಾಂತರವಾಗಿ, ನೊರೆ ಇರುವ ಕಡೆಗೆ ಈಜಿರಿ. ಅಲ್ಲಿನ ಅಲೆ ನಿಮ್ಮನ್ನು ದಡದತ್ತ ತಳ್ಳುತ್ತದೆ. ಗೆಳೆಯನೊಬ್ಬ ಸಿಕ್ಕಿಬಿದ್ದರೆ ಬರಿಗೈಯಲ್ಲಿ ಹಿಂದೆ ಹಾರಬೇಡಿ. ತೇಲುವ ವಸ್ತು, ಹಗ್ಗ, ಖಾಲಿ ಕ್ಯಾನು, ಏನು ಸಿಕ್ಕರೂ ಎಸೆದು ಜನರನ್ನು ಕೂಗಿರಿ.

ಕೊನೆಯದಾಗಿ ಮನೆಯಲ್ಲಿ ಮಾಡುವ ಒಂದು ಪ್ರಯೋಗ. ಅವ್ವನನ್ನು ಕೇಳಿ ದೊಡ್ಡ ಪರಾತವೊಂದನ್ನು ತೆಗೆದುಕೊಳ್ಳಿರಿ. ಮೂರು ಬೆರಳು ನೀರು ಹಾಕಿ, ಒಂದು ಬದಿಗೆ ಚಪ್ಪಟೆ ಕಲ್ಲೊಂದನ್ನು ಮೇಲಿನ ಮುಖ ನೀರಿನಲ್ಲಿ ತುಸುವೇ ಮುಳುಗುವಂತೆ ಇಡಿರಿ. ಎದುರು ಬದಿಯಿಂದ ಹಲಗೆಯ ತುಂಡಿನಿಂದ ನೀರನ್ನು ಮೆಲ್ಲಗೆ ತಳ್ಳಿರಿ. ಕಲ್ಲಿನ ಅಂಚು ತಾಗಿದ ಅಲೆ ಏನು ಮಾಡುತ್ತದೆ? ಕಲ್ಲನ್ನು ತೆಗೆದು ಉಸುಕಿನ ಇಳಿಜಾರು ಮಾಡಿದರೆ ಏನಾಗುತ್ತದೆ? ಉಸುಕಿನ ದಿಬ್ಬದ ನಡುವೆ ಬೆರಳಿನಿಂದ ಸಂದು ಕೊರೆದು, ಹಿಟ್ಟಿನ ಚಿಟಿಕೆ ಉದುರಿಸಿ ಅದು ಯಾವ ಕಡೆಗೆ ಸಾಗುತ್ತದೆ ಎಂದು ನೋಡಿರಿ. ಕಂಡದ್ದನ್ನು ಬರೆದಿಡಿ. ಈ ಸಲ ಪ್ರವಾಸದ ಬಸ್ಸು ಹೊರಡುವ ಮೊದಲು ಆ ಟಿಪ್ಪಣಿಯನ್ನು ನಿಮ್ಮ ತರಗತಿಯಲ್ಲಿ ಎಲ್ಲರಿಗೂ ಓದಿ ಹೇಳಿರಿ.