ರವೀಂದ್ರರ ಚೀನೀ ನಾಮಧೇಯ

1924ನೆಯ ಮೇ ತಿಂಗಳಲ್ಲಿ ಪೀಕಿಂಗ್ ನಗರದಲ್ಲಿ ನಡೆದ ರವೀಂದ್ರನಾಥ ಠಾಕೂರರ ಜನ್ಮದಿನೋತ್ಸವದಲ್ಲಿ ವಿದ್ವಾಂಸ ಲಿಯಾಂಗ್ ಚೀಚಾವೋ ಅವರು ಅತಿಥಿಗೊಂದು ಹೆಸರನ್ನು ಕಾಣಿಕೆಯಿತ್ತರು: ಚು ಚೆನ್‌ತಾನ್. ‘ಚು’ ಎಂಬುದು ಭರತಖಂಡದ ಪ್ರಾಚೀನ ಚೀನೀ ನಾಮದ ಅಂಶ. ಹಿಂದೆ ಅಲ್ಲಿಗೆ ತೆರಳಿದ ನಮ್ಮ ಬೌದ್ಧಭಿಕ್ಷುಗಳು ಅದನ್ನೇ ವಂಶನಾಮವಾಗಿ ಧರಿಸುತ್ತಿದ್ದರು. ‘ಚೆನ್’ ಎಂದರೆ ಗುಡುಗು, ‘ತಾನ್’ ಎಂದರೆ ಅರುಣೋದಯ. ಇಂದ್ರನೂ ರವಿಯೂ ಅಲ್ಲಿರುವರು. ಎರಡೂ ಕೂಡಿದರೆ, ನಮ್ಮವರು ಚೀನಕ್ಕಿಟ್ಟಿದ್ದ ‘ಚೀನಸ್ಥಾನ’ವೆಂಬ ಹೆಸರಿನ ಚೀನೀ ರೂಪ. ಹೀಗೆ ಒಂದೇ ಹೆಸರಿನಲ್ಲಿ ಎರಡು ದೇಶಗಳು ಕೈಹಿಡಿದವು.

ಆದರೆ ಎಲ್ಲರೂ ಹಿಗ್ಗಲಿಲ್ಲ. ಪ್ರಾಚೀನತೆಯ ಪ್ರಶಂಸೆಯಿಂದ ದೇಶವು ಮತ್ತಷ್ಟು ದುರ್ಬಲವಾದೀತೆಂದು ಶಂಕಿಸಿದ ತರುಣರು ಅವರ ಉಪನ್ಯಾಸಗಳಲ್ಲಿ ವಿರೋಧಪತ್ರಗಳನ್ನು ಹಂಚಿದರು. ಇಂದು ಚೀನೀ ವಾಚಕರಿಗೆ ಕವಿಯು ಪರಿಚಿತನಾಗಿರುವುದು ‘ಠಾಕೂರ’ದ ಇಂಗ್ಲಿಷ್ ರೂಪದ ಧ್ವನಿಯನ್ನನುಸರಿಸಿದ ಹೆಸರಿನಿಂದ. ಹೆಸರನ್ನು ಸ್ನೇಹವು ಕೊಡಬಲ್ಲುದು. ಜನರ ಹೃದಯವನ್ನು ಕಾವ್ಯವೇ ಗೆಲ್ಲಬೇಕು.